ದರ್ಗಾದಿಂದ ತರಗತಿಗೆ: ಕಲಬುರಗಿ ಪರಿಸರದ ಮುಸ್ಲಿಂ ಶಿಕ್ಷಣ ಸಂಸ್ಥೆಗಳು ಮತ್ತು ಕೂಡುಬಾಳ್ವೆಯ ಪ್ರಶ್ನೆ

೧

ಕಲಬುರಗಿ ಪರಿಸರದ ಹಿಂದೂ–ಮುಸ್ಲಿಂ ಸಂಬಂಧವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಸಂತರನ್ನು ಕುರಿತವು. ದರ್ಗಾ, ಉರುಸು, ಮೊಹರಂ, ತತ್ವಪದ ಇವೇ ಈ ಅಧ್ಯಯನಗಳ ಸಾಮಾನ್ಯ ನೆಲೆಗಳು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ (೧೯೯೮) ಕೃತಿಯು ಈ ಕ್ಷೇತ್ರಕ್ಕೆ ಗಟ್ಟಿಯಾದ ಬುನಾದಿ ಹಾಕಿದ ಮೇಲೆ ಸ್ಥಳೀಯ ಪರಂಪರೆಗಳನ್ನು ಕುರಿತು ಅನೇಕ ಲೇಖನಗಳು, ಪ್ರಬಂಧಗಳು ಬಂದಿವೆ. ಆದರೆ ಅದೇ ದರ್ಗಾದ ಪೀಠಸ್ಥರು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಒಂದು ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು, ಅದರ ತರಗತಿಗಳಲ್ಲಿ ಎಲ್ಲ ಸಮುದಾಯಗಳ ಮಕ್ಕಳು ಕಲಿತರು ಎಂಬ ಸಂಗತಿಯು ಕನ್ನಡ ಸಂಶೋಧನೆಯ ವಸ್ತುವಾಗಿದ್ದು ಕಡಿಮೆ. ಸಂತನ ಗದ್ದುಗೆಗೆ ‘ಭಾವೈಕ್ಯ’ ಎಂಬ ಹೆಸರು ಸುಲಭವಾಗಿ ಒದಗುತ್ತದೆ. ಕಾಲೇಜಿನ ಹಾಜರಿ ಪುಸ್ತಕಕ್ಕೆ ಅಂಥ ಹೆಸರಿಲ್ಲ. ಪ್ರಾಯಶಃ ಅದು ತೀರಾ ಲೌಕಿಕವಾದ ವಸ್ತುವೆಂಬ ಭಾವನೆ ಇದಕ್ಕೆ ಕಾರಣವಿರಬಹುದು.

ಪ್ರಸ್ತುತ ಲೇಖನದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನೊಳಗೊಂಡ ಕಲಬುರಗಿ ಪರಿಸರದ ಮುಸ್ಲಿಂ ಶಿಕ್ಷಣ ಸಂಸ್ಥೆಗಳ, ಅದರಲ್ಲಿಯೂ ಮುಖ್ಯವಾಗಿ ಖಾಜಾ ಎಜುಕೇಶನ್ ಸೊಸೈಟಿಯ ಹುಟ್ಟು ಮತ್ತು ಬೆಳವಣಿಗೆಯನ್ನು ಕೂಡುಬಾಳ್ವೆಯ ಪ್ರಶ್ನೆಯೊಂದಿಗೆ ಇಟ್ಟು ಪರಿಶೀಲಿಸಲಾಗಿದೆ. ಸಂಸ್ಥೆಗಳ ಗುಣಗಾನವಾಗಲಿ ಕಟ್ಟಡಗಳ ಪಟ್ಟಿಯಾಗಲಿ ಇಲ್ಲಿನ ಉದ್ದೇಶವಲ್ಲ.

೨

ಮೊದಲು ಪರಂಪರೆಯ ಮಾತು. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ೨೦೦೯ರಲ್ಲಿ ಸ್ಥಾಪನೆಗೊಂಡ ಮೇಲೆ ಕಡಗಂಚಿಯ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಆದರೆ ಕಲಬುರಗಿ–ಆಳಂದ ರಸ್ತೆಯ ಮೇಲಿರುವ ಈ ಊರು ದತ್ತ ಸಂಪ್ರದಾಯದವರಿಗೆ ಅದಕ್ಕಿಂತ ಎಷ್ಟೋ ಶತಮಾನ ಮೊದಲಿನಿಂದ ಪರಿಚಿತ. ಮರಾಠಿಯ ‘ಗುರುಚರಿತ್ರೆ’ಯನ್ನು ಬರೆದ ಸರಸ್ವತಿ ಗಂಗಾಧರನು ಕಡಗಂಚಿಯ ಸಾಯಂದೇವನ ವಂಶದವನು. ಮರಾಠಿ ತನಗೆ ಚೆನ್ನಾಗಿ ಬಾರದೆಂದು ಗ್ರಂಥದ ಆರಂಭದಲ್ಲಿ ಅವನೇ ವಿನಯದಿಂದ ಹೇಳಿಕೊಂಡಿದ್ದಾನೆ. ಮನೆಮಾತು ಕನ್ನಡವಾದವನು ಮರಾಠಿಯಲ್ಲಿ ಬರೆದ ಈ ಕೃತಿಯಲ್ಲಿ ಸಾಯಂದೇವನ ಬಾಯಲ್ಲಿ ಕನ್ನಡ ಪದಗಳೂ ಬಂದಿವೆ. ಕನ್ನಡ ಸಾಹಿತ್ಯ ಚರಿತ್ರೆಗಳು ಈ ಪದಗಳ ಕಡೆಗೆ ಇನ್ನಷ್ಟು ಗಮನ ಕೊಡಬೇಕಾಗಿತ್ತು. ಅದು ಬೇರೆಯೇ ಲೇಖನದ ವಿಷಯ.

ಇಲ್ಲಿ ಪ್ರಸ್ತುತವಾಗುವುದು ಕೃತಿಯ ಎರಡು ಪ್ರಸಂಗಗಳು. ಹದಿನಾಲ್ಕನೆಯ ಅಧ್ಯಾಯದಲ್ಲಿ ಸಾಯಂದೇವನು ಯವನ ಅಧಿಕಾರಿಯೊಬ್ಬನ ಕೈಕೆಳಗೆ ಕೆಲಸದಲ್ಲಿದ್ದಾನೆ. ಆ ಅಧಿಕಾರಿ ತನ್ನನ್ನು ಕೊಲ್ಲಿಸುವನೆಂಬ ಭಯದಿಂದ ಗುರು ನರಸಿಂಹ ಸರಸ್ವತಿಗೆ ಶರಣು ಹೋಗುತ್ತಾನೆ. ಕೊನೆಗೆ ಅಧಿಕಾರಿಯೇ ಹೆದರಿ, ವಸ್ತ್ರ ಕೊಟ್ಟು ಮರ್ಯಾದೆಯಿಂದ ಅವನನ್ನು ಕಳುಹಿಸುತ್ತಾನೆ. ಐವತ್ತನೆಯ ಅಧ್ಯಾಯದಲ್ಲಿ ಬೀದರಿನ ಮುಸ್ಲಿಂ ಅರಸನು ತನ್ನ ಹುಣ್ಣಿನ ಬಾಧೆಗೆ ಪರಿಹಾರ ಹುಡುಕುತ್ತ ಗಾಣಗಾಪುರಕ್ಕೆ ಬಂದು ಅದೇ ಗುರುವಿನ ಭಕ್ತನಾಗುತ್ತಾನೆ. ಒಂದೇ ಗ್ರಂಥದಲ್ಲಿ ಭಯವೂ ಇದೆ, ಭಕ್ತಿಯೂ ಇದೆ. ಆಳುವವನ ನೌಕರಿಯಲ್ಲಿರುವವನ ಆತಂಕವನ್ನು ಕೃತಿಕಾರ ಮುಚ್ಚಿಟ್ಟಿಲ್ಲ. ಹಾಗೆಯೇ ಆಳುವವನೂ ನೋವಿನಲ್ಲಿ ತನ್ನ ಗುರುವಿನ ಬಳಿಗೇ ಬಂದನೆಂಬ ಕಥನವನ್ನೂ ಬಿಟ್ಟಿಲ್ಲ. ಈ ಭಾಗದ ಸಾಮರಸ್ಯವನ್ನು ಕುರಿತು ಮಾತನಾಡುವವರು ಮೊದಲ ಪ್ರಸಂಗವನ್ನು ಬಿಟ್ಟು ಎರಡನೆಯದನ್ನು ಮಾತ್ರ ಹೇಳುತ್ತಾರೆ. ವೈರವನ್ನು ಕುರಿತು ಮಾತನಾಡುವವರು ಎರಡನೆಯದನ್ನು ಬಿಡುತ್ತಾರೆ. ಎರಡನ್ನೂ ಒಟ್ಟಿಗೆ ಓದುವುದು ಅಗತ್ಯ.

ಇಂಥ ಕೊಡುಕೊಳೆಯ ಇನ್ನೊಂದು ನಿದರ್ಶನ ಆಳಂದ ತಾಲೂಕಿನ ಮಾಡಿಯಾಳದ್ದು. ಬೀದರಿನ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗುಮ್ಮಟಕ್ಕೆ ಪ್ರತಿವರ್ಷ ಉರುಸಿಗೆ ಮಾಡಿಯಾಳದ ಜಂಗಮರು ಭಕ್ತರೊಂದಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಮುಸ್ಲಿಮರಿಗೆ ‘ವಲಿ’ಯಾದ ಈ ಅರಸ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ಅವತಾರ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರು ಪ್ರಮುಖರು. ಅವರ ತತ್ವಪದಗಳನ್ನು ಇಂದಿಗೂ ಭಜನಾ ಮೇಳಗಳು ಹಾಡುತ್ತವೆ. ಇಲ್ಲಿ ಗುರು ಲಿಂಗಾಯತ ಮಠದ ಕಟ್ಟನ್ನು ಮೀರಿದವನು, ಶಿಷ್ಯ ಮುಸಲ್ಮಾನ, ಭಾಷೆ ಕನ್ನಡ. ಮೊಹರಂ ಸಂದರ್ಭದಲ್ಲಿ ಅಲಾಯಿ ಕುಣಿಗಳ ಸುತ್ತ ಕನ್ನಡದಲ್ಲಿಯೇ ರಿವಾಯತ್ ಪದಗಳನ್ನು ಹಾಡುವವರಲ್ಲಿ ಹಿಂದುಗಳೂ ಇರುವುದು ಈ ಭಾಗದಲ್ಲಿ ಯಾರಿಗೂ ವಿಶೇಷವೆನಿಸದ ಸಂಗತಿ.

ಇಷ್ಟಿದ್ದೂ ಈ ಪರಂಪರೆಯೊಂದೇ ಸಾಕೇ ಎಂಬ ಪ್ರಶ್ನೆಯನ್ನು ಆಳಂದವೇ ಎತ್ತಿದೆ. ಅಲ್ಲಿನ ಲಾಡ್ಲೆ ಮಶಾಯಕ ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ಶಿವಲಿಂಗವೆಂದು ನಂಬಲಾಗುವ ಲಿಂಗವಿದೆ. ೨೦೨೨ರ ಮಹಾಶಿವರಾತ್ರಿಯ ಸಂದರ್ಭದಲ್ಲಿ ಅದರ ಪೂಜೆಯ ವಿಷಯವಾಗಿ ಪಟ್ಟಣದಲ್ಲಿ ಉದ್ವಿಗ್ನತೆ ಉಂಟಾಗಿ ಕಲ್ಲುತೂರಾಟ ನಡೆಯಿತು, ನಿಷೇಧಾಜ್ಞೆ ಜಾರಿಯಲ್ಲಿತ್ತು. ೨೦೨೫ರ ಶಿವರಾತ್ರಿಯಲ್ಲಿ ಉಚ್ಚ ನ್ಯಾಯಾಲಯವು ೧೫ ಜನರಿಗೆ ಪೂಜೆಗೆ ಅನುಮತಿ ನೀಡಿತು. ಹಿಂದೆ ರೂಢಿಯಿಂದ ತೀರ್ಮಾನವಾಗುತ್ತಿದ್ದ ವಿಷಯ ಈಗ ತಲೆ ಎಣಿಸಿ ತೀರ್ಮಾನವಾಗಬೇಕಾಯಿತು. ಯಾವ ಸ್ಥಳವು ಕೂಡಿ ಬಾಳಿದ್ದರ ಸಾಕ್ಷಿಯಾಗಿತ್ತೋ ಅದೇ ಸ್ಥಳ ವಿವಾದದ ವಸ್ತುವಾಗಬಲ್ಲದು ಎಂಬುದನ್ನು ಈ ಘಟನೆ ತೋರಿಸಿತು. ಆದ್ದರಿಂದ ಸಾಮರಸ್ಯವನ್ನು ಗದ್ದುಗೆಯಲ್ಲಿ ಹುಡುಕುವುದರ ಜೊತೆಗೆ, ಜನ ದಿನನಿತ್ಯ ಒಬ್ಬರ ಪಕ್ಕದಲ್ಲಿ ಒಬ್ಬರು ಕೂಡುವ ಬೇರೆ ಜಾಗಗಳಲ್ಲಿಯೂ ಹುಡುಕಬೇಕಾಗಿದೆ. ತರಗತಿ ಅಂಥ ಒಂದು ಜಾಗ.

೩

ಈ ಪರಿಸರದಲ್ಲಿ ಧಾರ್ಮಿಕ ಕೇಂದ್ರ ಮತ್ತು ವಿದ್ಯೆಯ ಸಂಬಂಧ ಹಳೆಯದು. ೧೩೨೧ರಲ್ಲಿ ದೆಹಲಿಯಲ್ಲಿ ಜನಿಸಿದ ಸೈಯದ್ ಮುಹಮ್ಮದ್ ಹುಸೇನಿ ಗೇಸೂದರಾಜ್, ಅಂದರೆ ಖಾಜಾ ಬಂದೇನವಾಜರು, ಚಿಸ್ತಿ ಪರಂಪರೆಯ ನಸೀರುದ್ದೀನ್ ಚಿರಾಗ್ ದೆಹಲವಿಯವರ ಶಿಷ್ಯರು. ತೈಮೂರನ ದಾಳಿಯ ಕಾಲದಲ್ಲಿ, ೧೩೯೮ರಲ್ಲಿ, ದೆಹಲಿ ಬಿಟ್ಟು ಹೊರಟು, ಫಿರೋಜ್ ಶಾಹ ಬಹಮನಿಯ ಆಳ್ವಿಕೆಯಲ್ಲಿ ಕಲಬುರಗಿಗೆ ಬಂದರು. ಆಗ ಅವರಿಗೆ ಎಂಬತ್ತರ ಆಸುಪಾಸು. ೧೪೨೨ರಲ್ಲಿ ಅವರು ತೀರಿಕೊಳ್ಳುವವರೆಗೆ ಅವರ ಖಾನಖಾ ಬೋಧನೆ, ಗ್ರಂಥರಚನೆ ಮತ್ತು ಅನ್ನದಾನದ ನೆಲೆಯಾಗಿತ್ತು. ಅರಸನಿಗೂ ಅವರಿಗೂ ಮನಸ್ತಾಪ ಬಂದು ಕೋಟೆಯ ಸಮೀಪದಿಂದ ಈಗ ದರ್ಗಾ ಇರುವ ಕಡೆಗೆ ಅವರು ನೆಲೆ ಬದಲಿಸಿದರೆಂಬುದು ಚರಿತ್ರೆಕಾರರು ಹೇಳುವ ಸಂಗತಿ. ಖಾನಖಾ ಅರಮನೆಯ ಅಂಗಸಂಸ್ಥೆಯಾಗಿರಲಿಲ್ಲ ಎಂಬುದಕ್ಕೆ ಇದನ್ನು ಸೂಚನೆಯಾಗಿ ತೆಗೆದುಕೊಳ್ಳಬಹುದು. ದಖನಿಯ ಆರಂಭದ ಗದ್ಯಕೃತಿ ‘ಮೇರಾಜುಲ್ ಆಶಿಕೀನ್’ ಅವರದೆಂಬ ಮಾತು ಬಹುಕಾಲ ಪ್ರಚಲಿತವಿತ್ತು. ವಿದ್ವಾಂಸರಲ್ಲಿ ಈಗ ಆ ಬಗ್ಗೆ ಒಮ್ಮತವಿಲ್ಲ.

ರಾಜಧಾನಿ ಬೀದರಿಗೆ ಹೋದ ಮೇಲೆ ಅಲ್ಲಿ ಬಹಮನಿಗಳ ವಜೀರ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾ ಬೇರೆ ಬಗೆಯದು. ಖಾನಖಾದಲ್ಲಿ ಗುರು ಮುಖ್ಯ. ಮದರಸಾದಲ್ಲಿ ವಿದ್ಯಾರ್ಥಿಗಳ ವಸತಿ, ಗ್ರಂಥಾಲಯ, ವೇತನ ಪಡೆಯುವ ಅಧ್ಯಾಪಕರು ಎಂಬ ವ್ಯವಸ್ಥೆ ಮುಖ್ಯ. ಗವಾನನು ೧೪೮೧ರಲ್ಲಿ ಅರಸನ ಆಜ್ಞೆಯಿಂದ ಕೊಲೆಯಾದ. ೧೬೯೬ರ ಸ್ಫೋಟದಲ್ಲಿ ಮದರಸಾದ ಒಂದು ಭಾಗ ಕುಸಿಯಿತು. ಅರ್ಧ ಉಳಿದ ಆ ಕಟ್ಟಡವನ್ನು ನೋಡುವವರು ಅದರ ಬಣ್ಣದ ಹೆಂಚುಗಳನ್ನು ಮೆಚ್ಚುತ್ತಾರೆ. ಅದೊಂದು ವಸತಿ ಕಾಲೇಜು ಎಂಬುದು ಕೂಡಲೇ ಹೊಳೆಯುವುದಿಲ್ಲ.

೪

ಆಧುನಿಕ ಸಂಸ್ಥೆಗಳ ಚರಿತ್ರೆ ಈ ಹಿರಿಮೆಯ ನೇರ ಮುಂದುವರಿಕೆಯಲ್ಲ. ನಡುವೆ ಒಂದು ದೊಡ್ಡ ಮುರಿತವಿದೆ. ಅದನ್ನು ಗಮನಿಸದೆ ೧೯೫೮ರಲ್ಲಿ ಒಂದು ಶಿಕ್ಷಣ ಸಂಸ್ಥೆ ಏಕೆ ಹುಟ್ಟಿತೆಂಬುದು ಅರ್ಥವಾಗುವುದಿಲ್ಲ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವೈದ್ಯಕೀಯವನ್ನೂ ಇಂಜಿನಿಯರಿಂಗನ್ನೂ ದೇಶಭಾಷೆಯೊಂದರಲ್ಲಿ ಕಲಿಸಿದ ಸಾಹಸದ ಪ್ರಯೋಗ. ಆದರೆ ಆ ಭಾಷೆ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಬಹುಸಂಖ್ಯಾತರ ಮನೆಮಾತಾಗಿರಲಿಲ್ಲ. ಕನ್ನಡ ಕಲಿಕೆಗೆ ಸರ್ಕಾರದ ಆಸರೆ ತೀರ ಕಡಿಮೆಯಿದ್ದುದರಿಂದ ಮಠಗಳು, ಖಾಸಗಿ ಶಾಲೆಗಳು ಆ ಭಾರವನ್ನು ಹೊತ್ತವು. ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳ ಶಾಲೆ ತೆರೆದದ್ದು ನಿಜಾಮರ ಕಾಲದಲ್ಲಿಯೇ. ಹೀಗೆ ಅಂದು ಕನ್ನಡ ಆಶ್ರಯವಿಲ್ಲದ ಭಾಷೆ, ಉರ್ದು ಅಧಿಕಾರದ ಭಾಷೆ.

೧೯೪೮ರ ಸೆಪ್ಟೆಂಬರಿನಲ್ಲಿ ಇದು ತಲೆಕೆಳಗಾಯಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಈ ಜಿಲ್ಲೆಗಳ ಹಳ್ಳಿಗಳು ತುತ್ತಾಗಿದ್ದವು. ಅನೇಕ ಕುಟುಂಬಗಳು ಗಡಿ ದಾಟಿ ಹೋಗಿದ್ದವು. ಆ ನೆನಪನ್ನು ಕನ್ನಡದ ಆತ್ಮಕಥನಗಳೂ ವಿಮೋಚನಾ ಚಳವಳಿಯ ಚರಿತ್ರೆಗಳೂ ದಾಖಲಿಸಿವೆ. ಪೊಲೀಸ್ ಕಾರ್ಯಾಚರಣೆಯ ಅನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯು ಅಷ್ಟಾಗಿ ದಾಖಲಾಗಲಿಲ್ಲ. ಕೇಂದ್ರ ಸರ್ಕಾರ ಕಳುಹಿಸಿದ್ದ ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಾಗಿ ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡಗಳನ್ನು ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು ೨೭ ಸಾವಿರದಿಂದ ೪೦ ಸಾವಿರವೆಂದು ಅಂದಾಜಿಸಿತು. ಈ ವರದಿ ಸಾರ್ವಜನಿಕರ ಓದಿಗೆ ದೊರೆಯಲು ೨೦೧೩ರವರೆಗೆ ಕಾಯಬೇಕಾಯಿತು. ಎರಡೂ ಬಗೆಯ ನೋವುಗಳು ಒಂದೇ ಊರಿನ ಎರಡು ಓಣಿಗಳಲ್ಲಿ, ಒಂದೇ ವರ್ಷದ ಅವಧಿಯಲ್ಲಿ ಸಂಭವಿಸಿದವು.

ಹಿಂಸೆ ನಿಂತ ಮೇಲೂ ಬದಲಾವಣೆ ನಿಲ್ಲಲಿಲ್ಲ. ೧೯೪೯ರಲ್ಲಿ ಜಾಗೀರುಗಳು ರದ್ದಾದವು. ಉಸ್ಮಾನಿಯಾದಲ್ಲಿ ಉರ್ದು ಮಾಧ್ಯಮ ಹೋಗಿ ಇಂಗ್ಲಿಷ್ ಬಂದಿತು. ೧೯೫೬ರ ನವೆಂಬರ್ ೧ರಂದು ಈ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ ಕಚೇರಿಗಳಿಗೆ ಕನ್ನಡ ಕಾಲಿಟ್ಟಿತು. ಕನ್ನಡಿಗರಿಗೆ ಅದು ಏಕೀಕರಣದ ಸಂಭ್ರಮ. ಅದರ ನ್ಯಾಯವನ್ನು ಪ್ರಶ್ನಿಸುವಂತಿಲ್ಲ. ಆದರೆ ಉರ್ದುವಿನಲ್ಲಿ ಓದಿ ಉರ್ದುವಿನಲ್ಲಿ ನೌಕರಿ ಮಾಡುತ್ತಿದ್ದ ಕುಟುಂಬವೊಂದಕ್ಕೆ ಎಂಟೇ ವರ್ಷಗಳಲ್ಲಿ ನೌಕರಿಯ ದಾರಿ, ಜಮೀನಿನ ಆಧಾರ, ಭಾಷೆಯ ಬೆಲೆ ಮೂರೂ ಕೈತಪ್ಪಿದವು. ಅನುಕೂಲವಿದ್ದವರು ಹೈದರಾಬಾದಿಗೋ ಪಾಕಿಸ್ತಾನಕ್ಕೋ ಹೋದರು. ಉಳಿದವರು ಮುಖ್ಯವಾಗಿ ಕೂಲಿ, ಕುಶಲಕರ್ಮ ಮತ್ತು ಸಣ್ಣ ವ್ಯಾಪಾರದವರು. ಖಾಜಾ ಎಜುಕೇಶನ್ ಸೊಸೈಟಿಯು ಇಂಥ ಸಮುದಾಯದ ನಡುವೆ ಹುಟ್ಟಿತು.

೫

ಬಂದೇನವಾಜ ದರ್ಗಾದ ಸಜ್ಜಾದೆನಶೀನರಾಗಿದ್ದ ಸೈಯದ್ ಶಾಹ ಮುಹಮ್ಮದ್ ಅಲ್ ಹುಸೇನಿಯವರು ೧೯೫೮ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ೧೯೫೮ರಲ್ಲಿ, ಅದೇ ಊರಿನಲ್ಲಿ, ಮಹಾದೇವಪ್ಪ ರಾಂಪೂರೆಯವರ ನೇತೃತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯೂ ಆರಂಭವಾಯಿತು. ಇದು ಆಕಸ್ಮಿಕವೆಂದು ಬಿಡುವಂತಿಲ್ಲ. ಏಕೀಕರಣವಾಗಿ ಎರಡು ವರ್ಷಕ್ಕೆ, ಹೊಸ ರಾಜ್ಯದ ಹಿಂದುಳಿದ ತುದಿಯಲ್ಲಿದ್ದೇವೆಂಬ ಅರಿವು ಎರಡೂ ಕಡೆ ಒಂದೇ ಹೊತ್ತಿಗೆ ಮೂಡಿತು. ಪರಿಹಾರವಾಗಿ ಎರಡೂ ಕಡೆಯವರು ಕಾಲೇಜನ್ನೇ ಆರಿಸಿಕೊಂಡರು. ಶರಣಬಸವೇಶ್ವರ ವಿದ್ಯಾವರ್ಧಕ ಸಂಘವನ್ನೂ ಸೇರಿಸಿದರೆ ಕಲಬುರಗಿಯ ಖಾಸಗಿ ಶಿಕ್ಷಣದ ಚರಿತ್ರೆಯ ಮುಕ್ಕಾಲು ಪಾಲು ಈ ಮೂರು ಸಂಸ್ಥೆಗಳದೇ.

ಮುಸ್ಲಿಂ ಸಂಸ್ಥೆಯನ್ನು ‘ಅಲ್ಪಸಂಖ್ಯಾತ ಸಂಸ್ಥೆ’ ಎಂಬ ಸಂವಿಧಾನದ ೩೦ನೆಯ ವಿಧಿಯ ಪರಿಭಾಷೆಯಲ್ಲಿ ಮಾತ್ರ ನೋಡುವುದು ವಾಡಿಕೆ. ಕಾನೂನಿನ ದೃಷ್ಟಿಯಿಂದ ಅದು ಸರಿ. ಸಾಂಸ್ಕೃತಿಕವಾಗಿ ನೋಡಿದರೆ ಖಾಜಾ ಎಜುಕೇಶನ್ ಸೊಸೈಟಿಯು ಕರ್ನಾಟಕದ ಮಠಗಳ ವಿದ್ಯಾಸಂಸ್ಥೆಗಳ ಮಾದರಿಗೆ ಹತ್ತಿರವಾದುದು. ಪೀಠದ ಮೇಲಿನ ಭಕ್ತಿಯು ಶಾಲೆಯ ಮೇಲಿನ ವಿಶ್ವಾಸವಾಗಿ ಮಾರ್ಪಡುವುದು, ಪೀಠಸ್ಥನೇ ಆಡಳಿತ ಮಂಡಳಿಯ ಅಧ್ಯಕ್ಷನಾಗುವುದು, ದಾಸೋಹ ಅಥವಾ ಲಂಗರಿನ ಕಲ್ಪನೆಯು ವಿದ್ಯಾದಾನಕ್ಕೆ ವಿಸ್ತರಿಸುವುದು ಎರಡೂ ಕಡೆ ಸಮಾನ. ಹೋಲಿಕೆ ಇನ್ನೂ ಮುಂದುವರಿಯುತ್ತದೆ: ಶರಣಬಸವ ವಿಶ್ವವಿದ್ಯಾಲಯ ೨೦೧೭ರಲ್ಲಿ ಆರಂಭವಾದರೆ ಖಾಜಾ ಬಂದೇನವಾಜ ವಿಶ್ವವಿದ್ಯಾಲಯ ೨೦೧೮ರಲ್ಲಿ ರೂಪುಗೊಂಡಿತು. ಅವುಗಳ ಹಿಂದಿನ ಶಕ್ತಿಯಾಗಿದ್ದ ಸೈಯದ್ ಶಾಹ ಖುಸ್ರೋ ಹುಸೇನಿಯವರು ೨೦೨೪ರ ನವೆಂಬರಿನಲ್ಲಿ, ಶರಣಬಸವಪ್ಪ ಅಪ್ಪನವರು ೨೦೨೫ರ ಆಗಸ್ಟಿನಲ್ಲಿ ತೀರಿಕೊಂಡರು. ಹೋಲಿಕೆಯಲ್ಲಿ ದೋಷಗಳೂ ಸೇರುತ್ತವೆ. ವಂಶಪಾರಂಪರ್ಯದ ಪೀಠವೊಂದು ವೃತ್ತಿಶಿಕ್ಷಣದ ಕಾಲೇಜುಗಳನ್ನು ನಡೆಸುವಾಗ ಶುಲ್ಕ, ಪ್ರವೇಶ, ಅಧಿಕಾರದ ಬಗ್ಗೆ ಏಳುವ ಪ್ರಶ್ನೆಗಳು ಮಠಕ್ಕೂ ದರ್ಗಾಕ್ಕೂ ಒಂದೇ. ಬಡ ನೇಕಾರನ ಮಗನಿಗೆ ವೈದ್ಯಕೀಯ ಸೀಟು ಎಷ್ಟು ಎಟಕುತ್ತದೆ ಎಂದು ಇಬ್ಬರನ್ನೂ ಕೇಳಬೇಕು.

ಸಂಸ್ಥೆಯು ನಡೆಸಿದ ಪ್ರಯತ್ನಗಳಲ್ಲಿ ಅತ್ಯಂತ ಮಹತ್ವದ್ದು ಮಹಿಳಾ ಶಿಕ್ಷಣ. ಬಂದೇನವಾಜರ ಪತ್ನಿಯ ಹೆಸರನ್ನು ಹೊತ್ತ ಬೀಬಿ ರಜಾ ಮಹಿಳಾ ಪದವಿ ಕಾಲೇಜು, ಮಗಳನ್ನು ಹೈಸ್ಕೂಲಿಗೇ ನಿಲ್ಲಿಸಿಬಿಡುತ್ತಿದ್ದ ಮನೆಗಳ ಬಾಗಿಲನ್ನು ತೆರೆಯಿತು. ದರ್ಗಾದ ಹೆಸರಿನ ಕಾಲೇಜೆಂಬ ಕಾರಣಕ್ಕೆ ಒಪ್ಪಿದ ತಂದೆತಾಯಿಗಳು ಕಡಿಮೆಯಿರಲಾರರು. ಇಲ್ಲಿ ಧಾರ್ಮಿಕ ಪೀಠದ ಅಧಿಕಾರವು ಸಂಪ್ರದಾಯವನ್ನು ಕಾಯಲು ಬಳಕೆಯಾಗದೆ, ಅದನ್ನು ಸಡಿಲಿಸಲು ಬಳಕೆಯಾಗಿದೆ. ಸ್ತ್ರೀವಾದಿ ಓದು ಇದನ್ನು ಪೂರ್ಣ ಬಿಡುಗಡೆಯೆಂದು ಒಪ್ಪದಿರಬಹುದು. ಆದರೆ ಹೊಸ್ತಿಲು ದಾಟಲು ಯಾವ ಆಸರೆ ದೊರೆಯಿತೆಂಬುದನ್ನು ಅದು ಅಲಕ್ಷಿಸುವಂತಿಲ್ಲ.

೧೯೮೦ರಲ್ಲಿ ಇಂಜಿನಿಯರಿಂಗ್ ಕಾಲೇಜು, ೨೦೦೦ದಲ್ಲಿ ವೈದ್ಯಕೀಯ ಕಾಲೇಜು ಬಂದವು. ಗುಲಬರ್ಗಾ ವಿಶ್ವವಿದ್ಯಾಲಯ ಆರಂಭವಾದದ್ದೂ ೧೯೮೦ರಲ್ಲಿ. ಕೂಡುಬಾಳ್ವೆಯ ದೃಷ್ಟಿಯಿಂದ ಈ ವೃತ್ತಿಶಿಕ್ಷಣ ಕಾಲೇಜುಗಳ ಪಾತ್ರ ದೊಡ್ಡದು. ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸೀಟುಗಳು ಹಂಚಿಕೆಯಾಗುವುದರಿಂದ ಲಿಂಗಾಯತ, ಕಬ್ಬಲಿಗ, ದಲಿತ, ಕುರುಬ ಕುಟುಂಬಗಳ ವಿದ್ಯಾರ್ಥಿಗಳು ಇಲ್ಲಿ ಮುಸ್ಲಿಂ ವಿದ್ಯಾರ್ಥಿಗಳ ಜೊತೆ ನಾಲ್ಕು ವರ್ಷ ಪ್ರಯೋಗಶಾಲೆಯ ಒಂದೇ ಮೇಜಿನ ಮೇಲೆ ಕೆಲಸ ಮಾಡುತ್ತಾರೆ. ಇದಕ್ಕೆ ಯಾರೂ ಭಾವೈಕ್ಯವೆಂಬ ಹೆಸರಿಟ್ಟಿಲ್ಲ, ಉದ್ಘಾಟನೆಯೂ ಆಗಿಲ್ಲ. ಗುರುತಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಖುಸ್ರೋ ಹುಸೇನಿಯವರು ಸ್ವತಃ ಸೂಫಿ ಅಧ್ಯಯನದ ವಿದ್ವಾಂಸರು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದಿದ ಅವರು ತಮ್ಮ ಪೂರ್ವಜರಾದ ಬಂದೇನವಾಜರ ಚಿಂತನೆಯನ್ನು ಕುರಿತು ೧೯೮೩ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥ ಪ್ರಕಟಿಸಿದರು. ಕನ್ನಡದ ಸೂಫಿ ಅಧ್ಯಯನಕ್ಕೆ ಅದು ಇನ್ನೂ ಸರಿಯಾಗಿ ಒದಗಿಬಂದಿಲ್ಲ.

೬

ಕರ್ನಾಟಕದ ಬೇರೆಡೆಯ ಪ್ರಯತ್ನಗಳೊಂದಿಗೆ ಇಟ್ಟು ನೋಡಿದರೆ ಕಲಬುರಗಿಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಭಟ್ಕಳದ ಅಂಜುಮನ್ ಹಾಮಿಯೆ ಮುಸ್ಲಿಮೀನ್ (೧೯೧೯) ವ್ಯಾಪಾರಿ ನವಾಯತ ಸಮುದಾಯದ ಕೂಸು. ಬೆಂಗಳೂರಿನ ಅಲ್ ಅಮೀನ್ ಸಂಸ್ಥೆ (೧೯೬೬) ಡಾ. ಮುಮ್ತಾಜ್ ಅಹಮದ್ ಖಾನರೆಂಬ ವೈದ್ಯರ ಸಂಘಟನಾ ಶಕ್ತಿಯ ಫಲ. ಬೀದರಿನ ಶಾಹೀನ್ ಸಂಸ್ಥೆಯನ್ನು ೧೯೮೯ರಲ್ಲಿ ಅಬ್ದುಲ್ ಖದೀರರು ಹದಿನೇಳು ಮಕ್ಕಳೊಂದಿಗೆ ಆರಂಭಿಸಿದರು. ಮುಂದೆ ಅದು ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ದೇಶದಾದ್ಯಂತ ಹೆಸರಾಯಿತು. ಕುರಾನ್ ಕಂಠಪಾಠ ಮುಗಿಸಿದ ಮದರಸಾ ಹುಡುಗರನ್ನು ಗಣಿತ, ವಿಜ್ಞಾನಗಳ ಮುಖ್ಯಧಾರೆಗೆ ತರುವ ಅದರ ಯೋಜನೆ ವಿಶೇಷವಾದುದು. ಇವು ಮೂರರ ಹಿಂದೆ ಕ್ರಮವಾಗಿ ವ್ಯಾಪಾರ, ವೃತ್ತಿಪರ ಮಧ್ಯಮವರ್ಗ, ಸ್ಪರ್ಧಾ ಪರೀಕ್ಷೆ ಇವೆ. ಕಲಬುರಗಿಯದರ ಹಿಂದೆ ಆರುನೂರು ವರ್ಷದ ಗದ್ದುಗೆಯಿದೆ.

ದೂರದ ಹೋಲಿಕೆಯೊಂದನ್ನೂ ಇಲ್ಲಿ ತರಬಹುದು. ೧೮೪೫ರ ಮೇ ತಿಂಗಳಲ್ಲಿ ಫತೇಲ್ ರಜಾಕ್ ಎಂಬ ಹಡಗು ಭಾರತದ ಕರಾರು ಕೂಲಿಗಳ ಮೊದಲ ತಂಡವನ್ನು ಕೆರಿಬಿಯನ್ ದ್ವೀಪ ಟ್ರಿನಿಡಾಡಿಗೆ ಇಳಿಸಿತು. ಅವರ ಮಕ್ಕಳ ಆಧುನಿಕ ವಿದ್ಯಾಭ್ಯಾಸ ಬಹುಪಾಲು ಕೆನಡಾದ ಪ್ರೆಸ್ಬಿಟೇರಿಯನ್ ಮಿಶನರಿಗಳ ಶಾಲೆಗಳಲ್ಲಿ ನಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ಮುಸ್ಲಿಮರು ಅಂಜುಮನ್ ಸುನ್ನತುಲ್ ಜಮಾಅತ್ ಮುಂತಾದ ಸಂಘಗಳನ್ನು ಕಟ್ಟಿ, ತಮ್ಮವೇ ಶಾಲೆಗಳನ್ನು ತೆರೆದರು. ಅವರಿಗೆ ದರ್ಗಾ ಇರಲಿಲ್ಲ, ಉರ್ದು ಕ್ರಮೇಣ ಬಿಟ್ಟುಹೋಯಿತು. ನೆರೆಯವರೊಂದಿಗಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಆದ್ದರಿಂದ ಅಲ್ಲಿ ಸಮುದಾಯದ ಶಾಲೆಯ ಮುಂದಿದ್ದ ಪ್ರಶ್ನೆ ಧರ್ಮವನ್ನು ಉಳಿಸಿಕೊಳ್ಳುವುದು. ಇಲ್ಲಿ ಧರ್ಮ ಉಳಿಯುವ ಬಗ್ಗೆ ಆತಂಕವಿರಲಿಲ್ಲ. ಭಾಷೆಯ ಪ್ರಶ್ನೆಯಿತ್ತು, ಈಗಲೂ ಇದೆ.

೭

ಕನ್ನಡ ಅಧ್ಯಾಪಕರಿಗೆ ನೇರವಾಗಿ ಸಂಬಂಧಿಸಿದ್ದು ಈ ಭಾಷೆಯ ಪ್ರಶ್ನೆಯೇ. ಕಲಬುರಗಿ ಮುಸ್ಲಿಮರ ಮನೆಮಾತನ್ನು ಉರ್ದು ಎನ್ನುವುದು ರೂಢಿ. ವಸ್ತುತಃ ಅದು ದಖನಿ. ಕನ್ನಡ, ಮರಾಠಿ, ತೆಲುಗುಗಳ ಜೊತೆ ಶತಮಾನಗಳ ಒಡನಾಟದಲ್ಲಿ ಬೆಳೆದ ಭಾಷೆಯದು. ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬದುಕಿದ ಸುಲೇಮಾನ್ ಖತೀಬರು (೧೯೨೨–೧೯೭೮) ಈ ಆಡುಮಾತನ್ನೇ ಹಾಸ್ಯ ಮತ್ತು ಕರುಣೆಯ ಕಾವ್ಯಕ್ಕೆ ದುಡಿಸಿಕೊಂಡರು. ‘ಕೇವಡೇ ಕಾ ಬನ್’ ಅವರ ಹೆಸರಾಂತ ಸಂಕಲನ. ಪೇಟೆಯಲ್ಲಿ ಹಣ್ಣು ಮಾರುವ ಹೆಂಗಸು ಗಿರಾಕಿಯೊಡನೆ ಕನ್ನಡದಲ್ಲಿಯೂ ಪಕ್ಕದವಳೊಡನೆ ದಖನಿಯಲ್ಲಿಯೂ ಒಂದೇ ಉಸಿರಿನಲ್ಲಿ ಮಾತನಾಡುತ್ತಾಳೆ. ಆದರೆ ಅವಳ ಮಗು ಶಾಲೆಗೆ ಹೋದಾಗ ಅದರ ಮುಂದೆ ಮೂರು ಅಪರಿಚಿತ ಭಾಷೆಗಳಿರುತ್ತವೆ: ಗ್ರಾಂಥಿಕ ಉರ್ದು, ಗ್ರಾಂಥಿಕ ಕನ್ನಡ ಮತ್ತು ಇಂಗ್ಲಿಷ್. ಮನೆಯ ದಖನಿಗೂ ಓಣಿಯ ಕನ್ನಡಕ್ಕೂ ಪಠ್ಯಪುಸ್ತಕದಲ್ಲಿ ಜಾಗವಿಲ್ಲ.

ಉರ್ದು ಮಾಧ್ಯಮದ ಶಾಲೆಗಳಲ್ಲಿ ಕನ್ನಡವು ದ್ವಿತೀಯ ಅಥವಾ ತೃತೀಯ ಭಾಷೆಯಾಗಿ ಬರುತ್ತದೆ. ೨೦೧೫ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು ಎಲ್ಲ ಶಾಲೆಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿತು. ಕಾನೂನಿನಿಂದ ವಿಷಯ ಪಟ್ಟಿಯಲ್ಲಿ ಕನ್ನಡ ಸೇರುತ್ತದೆ. ಮಗುವಿನ ನಾಲಗೆಗೆ ಸೇರಬೇಕಾದರೆ ಅದರ ಮನೆಮಾತು ಬಲ್ಲ ಕನ್ನಡ ಶಿಕ್ಷಕ ಬೇಕು. ದಖನಿ ಬಲ್ಲ ಕನ್ನಡ ಅಧ್ಯಾಪಕನನ್ನು ತಯಾರು ಮಾಡುವುದು ಯಾರ ಕೆಲಸ? ಸಮುದಾಯದ ಸಂಸ್ಥೆಗಳು ವೈದ್ಯರನ್ನೂ ಇಂಜಿನಿಯರರನ್ನೂ ತಯಾರಿಸಿದಷ್ಟು ಉತ್ಸಾಹದಿಂದ ಕನ್ನಡ ಎಂ.ಎ. ಪದವೀಧರರನ್ನು ತಯಾರಿಸಿಲ್ಲ ಎಂಬ ಆಕ್ಷೇಪ ನ್ಯಾಯವಾದುದು. ಅಷ್ಟೇ ನ್ಯಾಯವಾದ ಇನ್ನೊಂದು ಮಾತೆಂದರೆ, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಉರ್ದು ಶಾಲೆಯ ಬಾಗಿಲಿಗೆ ಎಂದೂ ಹೋಗಿಲ್ಲ.

ಕರಾವಳಿಯ ಚಿತ್ರ ಬೇರೆ. ಬ್ಯಾರಿ ಅಥವಾ ಮಲಯಾಳ ಮನೆಮಾತಿನ ಮುಸ್ಲಿಂ ಮಕ್ಕಳು ಕನ್ನಡ ಶಾಲೆಗಳಲ್ಲಿಯೇ ಕಲಿತರು. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ಸಾರಾ ಅಬೂಬಕ್ಕರ್ (೧೯೩೬–೨೦೨೩), ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಇವರೆಲ್ಲ ಆ ಶಾಲೆಗಳ ಕೊಡುಗೆ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ೨೦೨೫ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾಡು ಹೆಮ್ಮೆಪಟ್ಟಿತು. ಕಲಬುರಗಿ ಸೀಮೆಯಿಂದ ಆ ಎತ್ತರದ ಮುಸ್ಲಿಂ ಕಥೆಗಾರ ಕನ್ನಡಕ್ಕೆ ಏಕೆ ಬರಲಿಲ್ಲವೆಂಬ ಪ್ರಶ್ನೆಗೆ ಪ್ರತಿಭೆಯ ಅಭಾವ ಉತ್ತರವಲ್ಲ. ಜಲಾಲಸಾಹೇಬರು ಇದ್ದ ನಾಡಿದು. ನಿಜಾಮರ ಕಾಲದ ಭಾಷಾನೀತಿಯು ಇಲ್ಲಿ ಅಕ್ಷರಸ್ಥ ಮುಸಲ್ಮಾನನನ್ನು ಕನ್ನಡದಿಂದ ದೂರ ಇಟ್ಟಿತು. ಅಕ್ಷರ ಬಾರದ ಮುಸಲ್ಮಾನ ಮಾತ್ರ ಕನ್ನಡದಲ್ಲಿ ಹಾಡುತ್ತ ಉಳಿದ. ಕರಾವಳಿಯಲ್ಲಿ ಅ ಆ ಬರೆದ ಕೈಯೇ ಕಥೆ ಬರೆಯಿತು.

೮

ಅಂಕಿಅಂಶಗಳೂ ಇಲ್ಲಿ ಎಚ್ಚರಿಕೆಯನ್ನು ಬೇಡುತ್ತವೆ. ೨೦೦೬ರ ಸಾಚಾರ್ ಸಮಿತಿಯ ವರದಿ ದೇಶದ ಮುಸ್ಲಿಮರ ಸಾಕ್ಷರತೆಯನ್ನು ಶೇ. ೫೯.೧ ಎಂದಿತು, ಒಟ್ಟು ಸಾಕ್ಷರತೆ ಶೇ. ೬೪.೮. ಅದೇ ೨೦೦೧ರ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇ. ೭೦.೧, ರಾಜ್ಯದ ಸರಾಸರಿ ಶೇ. ೬೬.೬. ರಾಜ್ಯದಲ್ಲಿ ಮುಸ್ಲಿಮರು ಮುಂದಿದ್ದಾರೆಂದು ಇದರಿಂದ ತೀರ್ಮಾನಿಸುವುದು ಆತುರ. ಕರಾವಳಿಯ ಮತ್ತು ನಗರಗಳ ಸಾಧನೆ ಈ ಸರಾಸರಿಯನ್ನು ಎತ್ತಿ ಹಿಡಿದಿದೆ. ಅಫಜಲಪುರದ ಅಥವಾ ಜೇವರ್ಗಿಯ ಹಳ್ಳಿಯೊಂದರ ಪಿಂಜಾರ ಕುಟುಂಬದ ಸ್ಥಿತಿ ಅದರೊಳಗೆ ಕಾಣುವುದಿಲ್ಲ. ೨೦೧೧ರಲ್ಲಿ ಇಡೀ ಗುಲಬರ್ಗಾ ಜಿಲ್ಲೆಯ ಸಾಕ್ಷರತೆಯೇ ಶೇ. ೬೫ರ ಹತ್ತಿರವಿತ್ತು. ಹಿಂದುಳಿದಿರುವಿಕೆ ಇಲ್ಲಿ ಎಲ್ಲರ ಪಾಲಿನದು. ೩೭೧(ಜೆ) ವಿಧಿ ೨೦೧೩ರಿಂದ ಜಾರಿಗೆ ಬಂದದ್ದು ಆ ಕಾರಣಕ್ಕೇ.

ಸಮುದಾಯ ಸಂಸ್ಥೆಗಳ ಬಗ್ಗೆ ಇರುವ ಗಂಭೀರವಾದ ಆಕ್ಷೇಪವೆಂದರೆ ಅವು ಒಂದು ಸಮುದಾಯದ ಮಕ್ಕಳನ್ನು ಒಂದೆಡೆ ಸೇರಿಸಿ ಉಳಿದವರಿಂದ ಬೇರ್ಪಡಿಸುತ್ತವೆ ಎಂಬುದು. ಪ್ರಾಥಮಿಕ ಮತ್ತು ಪ್ರೌಢ ಹಂತದಲ್ಲಿ ಈ ಮಾತಿನಲ್ಲಿ ತಥ್ಯವಿದೆ. ವೃತ್ತಿಶಿಕ್ಷಣದ ಹಂತದಲ್ಲಿ ಕೂಡುವವರು ಅದಕ್ಕೆ ಮೊದಲಿನ ಹನ್ನೆರಡು ವರ್ಷ ಬೇರೆ ಬೇರೆ ಬೆಂಚುಗಳಲ್ಲಿ ಕೂತಿರುತ್ತಾರೆ. ಆದರೆ ಬೇರ್ಪಡುವಿಕೆಯ ಹೊಣೆಯನ್ನು ಆ ಸಂಸ್ಥೆಗಳ ಮೇಲೆ ಮಾತ್ರ ಹೊರಿಸಲಾಗದು. ೨೦೨೨ರಲ್ಲಿ ಹಿಜಾಬಿನ ವಿಷಯವಾಗಿ ಸರ್ಕಾರಿ ಆದೇಶ ಬಂದು, ಮಾರ್ಚ್ ೧೫ರಂದು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದು, ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಈ ನಡುವೆ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿಗೆ ಎರಡೇ ದಾರಿಗಳು ಕಂಡಿದ್ದರೆ, ಅಂದರೆ ಓದು ಬಿಡುವುದು ಅಥವಾ ಸಮುದಾಯದ ಕಾಲೇಜಿಗೆ ಹೋಗುವುದು, ಎರಡನೆಯದನ್ನು ಆರಿಸಿದವಳನ್ನು ಪ್ರತ್ಯೇಕತೆಯ ಹೆಸರಿನಲ್ಲಿ ದೂರುವುದು ಸಲ್ಲದು. ೨೦೨೦ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳ ನಾಟಕವೊಂದರ ಕಾರಣ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ೨೦೨೩ರ ಜೂನಿನಲ್ಲಿ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠ ಅದನ್ನು ರದ್ದುಪಡಿಸಿತು. ಪೊಲೀಸರು ಶಾಲೆಗೆ ಬಂದು ಮಕ್ಕಳನ್ನು ಪ್ರಶ್ನಿಸಿದ ದಿನಗಳ ನೆನಪನ್ನು ತೀರ್ಪು ರದ್ದುಪಡಿಸಲಾರದು.

ಈ ವಿಷಯದಲ್ಲಿ ಕ್ಷೇತ್ರಕಾರ್ಯಕ್ಕೆ ಇಳಿಯುವ ಸಂಶೋಧಕನಿಗೆ ಮೊದಲು ಎದುರಾಗುವ ತೊಡಕು ಲಿಪಿಯದು. ೧೯೪೮ಕ್ಕಿಂತ ಮೊದಲಿನ ಈ ಜಿಲ್ಲೆಗಳ ಶಿಕ್ಷಣ ಇಲಾಖೆಯ ಕಡತಗಳು, ಕಂದಾಯ ದಾಖಲೆಗಳು, ಶಾಲಾ ದಾಖಲಾತಿಗಳು ಬಹುಪಾಲು ಉರ್ದುವಿನಲ್ಲಿವೆ. ದರ್ಗಾಗಳ ಸನದುಗಳು ಪಾರಸಿಯಲ್ಲಿವೆ. ಮಾಡಿಯಾಳದ ಜಂಗಮರ ಪಯಣದ ಹಾಡುಗಳು, ಮೊಹರಂ ಪದಗಳು ಕನ್ನಡದಲ್ಲಿವೆ. ಒಂದೇ ಚರಿತ್ರೆಯ ಸಾಮಗ್ರಿ ಹೀಗೆ ಮೂರು ಕಡೆ ಹಂಚಿಹೋಗಿದ್ದು, ಕನ್ನಡ ವಿಭಾಗದ ವಿದ್ಯಾರ್ಥಿ ಮೂರನೆಯದನ್ನು ಮಾತ್ರ ಓದಬಲ್ಲ. ಉರ್ದು ವಿಭಾಗದ ವಿದ್ಯಾರ್ಥಿ ಮೊದಲ ಎರಡನ್ನು ಓದಬಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಈ ಎರಡು ವಿಭಾಗಗಳೂ ಒಂದೇ ಆವರಣದಲ್ಲಿವೆ.